ಸೈಡ್ ಸ್ಟ್ಯಾಂಡ್ ಹಾಕಿಸಿದರೂ ಗಾಡಿ ನಿಲ್ಲುತ್ತಿಲ್ಲ: ಹಳೆಯ ಡರ್ಟ್ ಬೈಕ್‌ಗಳ ದೋಷ ಪತ್ತೆ

ಮೋಟೊಕ್ರಾಸ್ ಓಟಕ್ಕೆಂದೇ ತಯಾರಾದ ಬೈಕ್‌ಗಳಿಗೆ ಕಂಪನಿಯಲ್ಲೇ ಸೈಡ್ ಸ್ಟ್ಯಾಂಡ್ ಕೊಡುವುದಿಲ್ಲ. ತೂಕ ಕಡಿಮೆ ಇರಬೇಕು, ಬಿದ್ದಾಗ ಚುಚ್ಚುವಂಥದ್ದು ಏನೂ ಇರಬಾರದು ಎನ್ನುವುದು ಅದರ ಹಿಂದಿನ ಲೆಕ್ಕ. ಮೈಸೂರಿನ ಕಾರ್ಖಾನೆಯಿಂದ ಬಂದು ಕೊಡಗಿನ ತೋಟಗಳಲ್ಲಿ ದುಡಿದ ಜಾವಾ, ಯೆಜ್ಡಿಗಳನ್ನೂ ಆಮೇಲೆ ಬಂದ ಯಮಹಾ ಆರ್‌ಎಕ್ಸ್ 100 ಗಳನ್ನೂ ಕೆಸರಿನ ಓಟಕ್ಕೆ ಸಜ್ಜು ಮಾಡಿದವರು ಅದೇ ಲೆಕ್ಕದಲ್ಲಿ ಸ್ಟ್ಯಾಂಡ್ ಕತ್ತರಿಸಿ ತೆಗೆದಿದ್ದಾರೆ. ಈಗ ಅದೇ ಗಾಡಿಯಲ್ಲಿ ತೋಟ ಸುತ್ತಬೇಕು, ಗೇಟು ತೆರೆಯಲು ಇಳಿಯಬೇಕು, ಪ್ರತಿ ಸಲವೂ ಸಿಲ್ವರ್ ಓಕ್ ಮರಕ್ಕೆ ಒರಗಿಸಲು ಆಗುವುದಿಲ್ಲ. ಹಾಗಾಗಿ ಹೊಸದಾಗಿ ಸ್ಟ್ಯಾಂಡ್ ಕೂರಿಸುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ.

ಗಾಡಿ ಒಮ್ಮೆ ಬಿದ್ದ ಕೂಡಲೇ ವೆಲ್ಡಿಂಗ್ ಅಂಗಡಿಗೆ ಒಯ್ದು ಇನ್ನೊಂದು ಪಟ್ಟಿ ಸೇರಿಸಿ ಬೆಸುಗೆ ಹಾಕಿಸುವುದು ರೂಢಿ. ಆದರೆ ಸ್ಟ್ಯಾಂಡ್ ಗಟ್ಟಿಯಿಲ್ಲದ್ದಕ್ಕಿಂತ ಅದರ ಅಳತೆ ತಪ್ಪಿರುವುದೇ ಹೆಚ್ಚು. ಉದ್ದ, ಕೋನ, ಸ್ಪ್ರಿಂಗ್ ಕೊಕ್ಕೆಯ ಜಾಗ, ಪಾದದ ಅಗಲ, ಈ ನಾಲ್ಕನ್ನು ಅಳೆದು ನೋಡದೆ ಬೆಸುಗೆ ಹಾಕಿಸಿದರೆ ತಪ್ಪನ್ನೇ ಗಟ್ಟಿ ಮಾಡಿದಂತಾಗುತ್ತದೆ. ಆದ್ದರಿಂದ ಇಲ್ಲಿ ಪ್ರತಿ ಲಕ್ಷಣಕ್ಕೂ ಖರ್ಚಿಲ್ಲದ ಪರೀಕ್ಷೆ ಮೊದಲು, ಬೆಸುಗೆ ಕೊನೆಗೆ.

ಬೇಕಾಗುವ ಸಾಮಾನು ಇಷ್ಟೇ: ಅಳತೆ ಟೇಪು, ಗಾರೆ ಕೆಲಸದವರ ತೂಗುಗುಂಡು, 60 ಸೆಂಟಿಮೀಟರ್ ಉದ್ದದ ನೇರವಾದ ರೀಪರ್ ಪಟ್ಟಿ, ಸೀಮೆಸುಣ್ಣ, ಸ್ಪ್ಯಾನರ್ ಸೆಟ್ಟು, ಗ್ರೀಸ್. ಕಾಫಿ ಹಣ್ಣು ತೂಗುವ ತಕ್ಕಡಿ ಚಪ್ಪಟೆ ತಟ್ಟೆಯದ್ದಾಗಿದ್ದರೆ ಅದೂ ಇರಲಿ.

## ಕೈ ಹಾಕುವ ಮುನ್ನ

ಸ್ಟ್ಯಾಂಡ್ ಪರೀಕ್ಷಿಸುವಾಗ ಗಾಡಿಯ ಭಾರವನ್ನು ಅದೇ ಸ್ಟ್ಯಾಂಡಿನ ಮೇಲೆ ಬಿಡಬೇಡಿ. ಇಂಜಿನ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಹ್ಯಾಂಡಲ್‌ಗೆ ಎರಡೂ ಕಡೆ ಹಗ್ಗ ಕಟ್ಟಿ, ಇನ್ನೊಬ್ಬರು ಬಲಗಡೆ ನಿಂತು ಹಿಡಿದಿರಲಿ. ಓಡಿಸಿ ಬಂದ ತಕ್ಷಣ ಕೈ ಹಾಕಬೇಡಿ. ಯೆಜ್ಡಿಯಂತಹ ಗಾಡಿಗಳಲ್ಲಿ ಎಡಗಡೆಯೂ ಸೈಲೆನ್ಸರ್ ಇದೆ, ಸ್ಪ್ರಿಂಗ್‌ಗೆ ಕೈ ಚಾಚಿದರೆ ಮೊಣಕೈ ಅದಕ್ಕೇ ತಾಗುತ್ತದೆ. ಸ್ಪ್ರಿಂಗ್ ಕಳಚುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಕಟಿಂಗ್ ಪ್ಲಯರ್‌ನಲ್ಲಿ ಹಿಡಿದ ಕೊಕ್ಕೆ ಜಾರಿದರೆ ಮುಖಕ್ಕೆ ಹಾರುತ್ತದೆ.

ಅಳತೆಗೆ ಸಮನಾದ ನೆಲ ಬೇಕು. ಕೊಡಗಿನಲ್ಲಿ ಅದು ಸಿಗುವುದು ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ. ಆದರೆ ಕಣಕ್ಕೂ ನೀರು ಹರಿಯಲೆಂದು ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಹಾಗಾಗಿ ಒಮ್ಮೆ ಅಳೆದ ಮೇಲೆ ಗಾಡಿಯ ಮುಖವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಅದೇ ಜಾಗದಲ್ಲಿ ಇನ್ನೊಮ್ಮೆ ಅಳೆದು ಎರಡರ ಸರಾಸರಿ ಹಿಡಿಯಿರಿ.

## ನಿಲ್ಲಿಸಿದಾಗ ಸರಿಯಿತ್ತು, ಸ್ವಲ್ಪ ಹೊತ್ತಿಗೆ ಎಡಕ್ಕೆ ಮಲಗಿತ್ತು

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ. ಮೊದಲು ನೋಡಬೇಕಾದ್ದು ನೆಲವನ್ನು. ಸ್ಟ್ಯಾಂಡಿನ ಪಾದ ಮಣ್ಣಿನಲ್ಲಿ ಗುಳಿ ಮಾಡಿದೆಯೇ? ಮಾಡಿದ್ದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ.

130 ಕಿಲೋ ತೂಗುವ ಗಾಡಿ ಸರಿಯಾಗಿ ವಾಲಿ ನಿಂತಾಗ ಸ್ಟ್ಯಾಂಡಿನ ಮೇಲೆ ಸುಮಾರು 35 ಕಿಲೋ ಬೀಳುತ್ತದೆ. 25 ಮಿಲಿಮೀಟರ್ ಪೈಪಿನ ಬಾಯನ್ನು ಮುಚ್ಚಿ ಅದನ್ನೇ ಪಾದವಾಗಿ ಬಿಟ್ಟಿದ್ದರೆ ನೆಲಕ್ಕೆ ತಾಗುವ ಜಾಗ 5 ಚದರ ಸೆಂಟಿಮೀಟರ್ ಕೂಡ ಇಲ್ಲ. ಒಂದೊಂದು ಚದರ ಸೆಂಟಿಮೀಟರ್ ಮೇಲೂ 7 ಕಿಲೋ ಒತ್ತಡ. ತೋಟದೊಳಗಿನ ಎಲೆಗೊಬ್ಬರದ ಮಣ್ಣು ಇಷ್ಟನ್ನು ತಡೆಯುವುದಿಲ್ಲ, ಗದ್ದೆ ಬದು ಅಂತೂ ಇಲ್ಲವೇ ಇಲ್ಲ. ಅದೇ ಪಾದಕ್ಕೆ 80×60 ಮಿಲಿಮೀಟರ್ ತಗಡು ಕೂರಿಸಿದರೆ ಒತ್ತಡ ಮುಕ್ಕಾಲು ಕಿಲೋಗೆ ಇಳಿಯುತ್ತದೆ. ತಗಡು 5 ಮಿಲಿಮೀಟರ್ ದಪ್ಪವಿರಲಿ. ತೂಕ 200 ಗ್ರಾಮ್ ಕೂಡ ಹೆಚ್ಚಾಗುವುದಿಲ್ಲ. ನಾಲ್ಕೂ ಮೂಲೆ ದುಂಡಗೆ ಮಾಡಿ, ಮುಂಭಾಗದ ಅಂಚನ್ನು ಸ್ವಲ್ಪ ಮೇಲಕ್ಕೆ ಬಾಗಿಸಿ. ಚೂಪಾಗಿ ಬಿಟ್ಟರೆ ಬೇರಿಗೋ ಬಳ್ಳಿಗೋ ಸಿಕ್ಕಿಕೊಳ್ಳುತ್ತದೆ. ತಗಡು ಹಾಕಿಸುವವರೆಗೆ ಒಂದು ಚಪ್ಪಟೆ ಕಲ್ಲು ಅಥವಾ ಹೆಂಚಿನ ಗಾತ್ರದ ಮರದ ತುಂಡು ಸಾಕು. ಅದಕ್ಕೆ ದಾರ ಕಟ್ಟಿ ಹ್ಯಾಂಡಲ್‌ಗೆ ಸಿಕ್ಕಿಸಿದರೆ ಹೊರಡುವಾಗ ಬಗ್ಗಿ ಹೆಕ್ಕಬೇಕಾಗಿಲ್ಲ.

ಗುಳಿ ಬಿದ್ದಿಲ್ಲ, ಸಿಮೆಂಟ್ ಮೇಲೂ ನಿಧಾನವಾಗಿ ವಾಲುತ್ತದೆ ಎಂದಾದರೆ ಏನೋ ಜಾರುತ್ತಿದೆ ಎಂದರ್ಥ. ಸ್ಟ್ಯಾಂಡನ್ನು ಕ್ಲಾಂಪ್ ಹಾಕಿ ಚಾಸಿಗೆ ಕೂರಿಸಿದ್ದರೆ, ಕ್ಲಾಂಪ್ ಮತ್ತು ಚಾಸಿ ಪೈಪು ಎರಡರ ಮೇಲೂ ಹಾದುಹೋಗುವಂತೆ ಒಂದು ಗೆರೆ ಎಳೆಯಿರಿ. ಸೀಮೆಸುಣ್ಣ ಅಳಿಸಿಹೋಗುತ್ತದೆ, ನೇಲ್ ಪಾಲಿಶ್ ಉತ್ತಮ. ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ನೋಡಿ. ಗೆರೆ ಎರಡಾಗಿ ಸರಿದಿದ್ದರೆ ಕ್ಲಾಂಪ್ ತಿರುಗಿದೆ.

ಕ್ಲಾಂಪ್ ತಿರುಗಲು ಮುಖ್ಯವಾಗಿ ಮೂರು ಕಾರಣ. ಒಂದು, ಬಣ್ಣ ಕೆಡದಿರಲೆಂದು ನಡುವೆ ರಬ್ಬರ್ ಹಾಳೆ ಇಟ್ಟಿರುವುದು. ಭಾರಕ್ಕೆ ರಬ್ಬರ್ ಹಿಂಡಿಕೊಂಡು ಹೊರಬರುತ್ತದೆ, ಬೋಲ್ಟ್ ಎಷ್ಟು ಬಿಗಿದರೂ ವಾರದಲ್ಲಿ ಸಡಿಲ. ಅದರ ಬದಲು ತೆಳು ಅಲ್ಯೂಮಿನಿಯಂ ತಗಡು ಸುತ್ತಿ. ಎರಡು, ಕ್ಲಾಂಪಿನ ಎರಡು ಹೋಳುಗಳ ತುದಿ ಒಂದಕ್ಕೊಂದು ತಾಗಿರುವುದು. ತಾಗಿದ ಮೇಲೆ ಬೋಲ್ಟ್ ಬಿಗಿದರೂ ಪೈಪಿಗೆ ಹಿಡಿತ ಬರುವುದಿಲ್ಲ. ಬಿಗಿದ ನಂತರವೂ ಎರಡು ಹೋಳುಗಳ ನಡುವೆ 1ರಿಂದ 2 ಮಿಲಿಮೀಟರ್ ಸಂದು ಉಳಿದಿರಬೇಕು, ಇಲ್ಲದಿದ್ದರೆ ತುದಿಯನ್ನು ಅರದಿಂದ ಉಜ್ಜಿ. ಮೂರು, ಪೈಪಿನ ಅಳತೆಗಿಂತ ದೊಡ್ಡ ಕ್ಲಾಂಪ್, ಅಥವಾ ಚೌಕ ಕೊಳವೆಯ ಚಾಸಿಗೆ ದುಂಡನೆಯ ಕ್ಲಾಂಪ್. ಇದಕ್ಕೆ ರಿಪೇರಿಯಿಲ್ಲ, ಬದಲಿಸಬೇಕು. 8.8 ಗ್ರೇಡಿನ ಎಂ8 ಬೋಲ್ಟ್‌ಗಳನ್ನು 22ರಿಂದ 25 ನ್ಯೂಟನ್ ಮೀಟರ್‌ಗೆ ಬಿಗಿಯಿರಿ, ಮೊದಲ 50 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ನೋಡಿ. ಅದಕ್ಕೂ ಮೀರಿ ಬಿಗಿಯಲು ಹೋದರೆ ತೆಳು ಪೈಪು ನಜ್ಜಾಗುತ್ತದೆ.

ಗೆರೆ ಸರಿದಿಲ್ಲ ಎಂದರೆ ಸ್ಟ್ಯಾಂಡನ್ನು ಮುಂದೆ ಹೋಗದಂತೆ ನಿಲ್ಲಿಸುವ ತಡೆಯನ್ನು ನೋಡಿ. ಸ್ಟ್ಯಾಂಡಿನ ಕಾಲು (ಉದ್ದನೆಯ ಪೈಪು) ಬ್ರಾಕೆಟ್‌ಗೆ ತಾಗಿ ನಿಲ್ಲುವ ಆ ಚಿಕ್ಕ ಉಬ್ಬು ಸವೆದರೆ ಕಾಲು ಇನ್ನಷ್ಟು ಮುಂದಕ್ಕೆ ಚಾಚಿಕೊಳ್ಳುತ್ತದೆ. 300 ಮಿಲಿಮೀಟರ್ ಉದ್ದದ ಕಾಲು 15 ಡಿಗ್ರಿ ಮುಂದಿರುವ ಬದಲು 25 ಡಿಗ್ರಿಗೆ ಹೋದರೆ ಎತ್ತರದಲ್ಲಿ 18 ಮಿಲಿಮೀಟರ್ ನಷ್ಟ. ಸ್ಟ್ಯಾಂಡ್ ಕತ್ತರಿಸಿದಷ್ಟೇ ಆಯಿತು. ತಡೆ ಹೊಳೆಯುತ್ತಿದ್ದರೆ, ಅಂಚು ಮಡಚಿ ಮುದ್ದೆಯಾಗಿದ್ದರೆ, ಅಲ್ಲಿ 6 ಮಿಲಿಮೀಟರ್ ತುಂಡೊಂದನ್ನು ಬೆಸುಗೆ ಹಾಕಿ ಅರದಿಂದ ಸರಿ ಅಳತೆಗೆ ತರಬೇಕು. ಕೊನೆಯದಾಗಿ, ಕಾಲಿನ ಉದ್ದಕ್ಕೂ ರೀಪರ್ ಪಟ್ಟಿ ಹಿಡಿದು ಕಾಲು ಬಾಗಿದೆಯೇ ನೋಡಿ. ಬಾಗಿದ ಪೈಪನ್ನು ಬಡಿದು ನೇರ ಮಾಡಿದರೆ ಮತ್ತೆ ಅಲ್ಲೇ ಬಾಗುತ್ತದೆ. 25 ಮಿಲಿಮೀಟರ್ ಹೊರವ್ಯಾಸ, 3 ಮಿಲಿಮೀಟರ್ ದಪ್ಪದ ಸೀಮ್‌ಲೆಸ್ ಪೈಪಿನಲ್ಲಿ ಹೊಸದು ಮಾಡಿಸಿ. ಬೇಲಿ ಗೇಟಿಗೆ ಬಳಸುವ ತೆಳು ಪೈಪು ಇದಕ್ಕೆ ಆಗದು.

## ಗಾಳಿ ಬೀಸಿದರೂ ಬಲಕ್ಕೆ ಬೀಳುವಂತಿದೆ

ಸ್ಟ್ಯಾಂಡ್ ಉದ್ದವಾಗಿದೆ, ಗಾಡಿ ನೆಟ್ಟಗೆ ನಿಂತಿದೆ. ಎಡಕ್ಕೆ ಬೀಳುವುದಕ್ಕಿಂತ ಇದು ಅಪಾಯ, ಏಕೆಂದರೆ ಬಲಗಡೆ ಮಗುವೋ ನಾಯಿಯೋ ನಿಂತಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ವಾಲಿಕೆ ಅಳೆಯುವುದು ಹೀಗೆ. ಮುಂದಿನ ಚಕ್ರವನ್ನು ನೇರ ಮಾಡಿ. ಆ್ಯಕ್ಸಲ್‌ಗಿಂತ ಒಂದು ಗೇಣು ಮುಂದೆ, ಟೈರಿನ ಎಡಬದಿಗೆ ರೀಪರ್ ಪಟ್ಟಿಯನ್ನು ಮೇಲೂ ಕೆಳಗೂ ತಾಗುವಂತೆ ಹಿಡಿಯಿರಿ. ಪಟ್ಟಿಯ ಮೇಲ್ತುದಿಯಿಂದ ತೂಗುಗುಂಡು ಇಳಿಬಿಡಿ. ದಾರದಲ್ಲಿ 500 ಮಿಲಿಮೀಟರ್ ಕೆಳಗೆ ಗುರುತು ಹಾಕಿ, ಅಲ್ಲಿಂದ ಪಟ್ಟಿಗೆ ಅಡ್ಡಲಾಗಿ ಎಷ್ಟು ಅಂತರವಿದೆ ಅಳೆಯಿರಿ. 88 ಮಿಲಿಮೀಟರ್ ಎಂದರೆ 10 ಡಿಗ್ರಿ, 106 ಎಂದರೆ 12, 134 ಎಂದರೆ 15. ಕೆಸರು ದಾರಿಯ ಗಾಡಿಗೆ 10ರಿಂದ 15ರ ನಡುವೆ ಇರಲಿ. ನಮ್ಮ ಅಭಿಪ್ರಾಯದಲ್ಲಿ 12 ಚೆನ್ನ: ನೆಲ ಸ್ವಲ್ಪ ಆಚೀಚೆ ಇದ್ದರೂ ತಡೆಯುತ್ತದೆ, ಎತ್ತಿ ನಿಲ್ಲಿಸಲೂ ಕಷ್ಟವಾಗುವುದಿಲ್ಲ. ಮೊಬೈಲಿನಲ್ಲಿ ರಸಮಟ್ಟದ ಆ್ಯಪ್ ಇದ್ದರೆ ಪಟ್ಟಿಗೆ ಒತ್ತಿ ಹಿಡಿದು ನೇರವಾಗಿ ಡಿಗ್ರಿಯನ್ನೇ ಓದಬಹುದು.

ತಕ್ಕಡಿಯಿದ್ದರೆ ಇನ್ನೂ ಸ್ಪಷ್ಟ. ತಕ್ಕಡಿಯಷ್ಟೇ ಎತ್ತರದ ಹಲಗೆಗಳನ್ನು ಎರಡು ಚಕ್ರಗಳ ಕೆಳಗೆ ಕೊಟ್ಟು, ಸ್ಟ್ಯಾಂಡಿನ ಪಾದವನ್ನು ತಕ್ಕಡಿ ಮೇಲಿಡಿ. 130 ಕಿಲೋ ಗಾಡಿಗೆ 25ರಿಂದ 40 ಕಿಲೋ ತೋರಿಸಿದರೆ ಸರಿ. 15ಕ್ಕಿಂತ ಕಡಿಮೆ ಬಂದರೆ ಅದು ಬಲಕ್ಕೆ ಬೀಳಲು ಕಾದಿರುವ ಗಾಡಿ. 50 ದಾಟಿದರೆ ವಾಲಿಕೆ ಹೆಚ್ಚಾಗಿದೆ, ಕಾಲು ಮಡಚಲು ತಿರುಗುವ ಪಿವೋಟ್ ಬೋಲ್ಟ್‌ಗೆ ಅತಿಭಾರ.

ಪಾದವನ್ನು ಕತ್ತರಿಸುವ ಮೊದಲು ಕಾರಣ ಹುಡುಕಿ. ಸ್ಟ್ಯಾಂಡ್ ಮಾಡಿಸಿದಾಗ ಸರಿಯಿದ್ದು ಈಗ ನೆಟ್ಟಗಾಗಿದ್ದರೆ ಸ್ಟ್ಯಾಂಡ್ ಬೆಳೆದಿಲ್ಲ, ಗಾಡಿ ಕುಸಿದಿದೆ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಸ್ಪ್ರಿಂಗ್ ಸೋತಿರಬಹುದು, ಟೈರಿನಲ್ಲಿ ಗಾಳಿ ಇಳಿದಿರಬಹುದು, ಚಿಕ್ಕ ಟೈರ್ ಹಾಕಿರಬಹುದು, ಹಿಂದೆ ಗೊಬ್ಬರದ ಚೀಲ ಹೇರಿರಬಹುದು. ಖಾಲಿ ಗಾಡಿಗೆ ಹೊಂದಿಸಿದ ಸ್ಟ್ಯಾಂಡ್ ಚೀಲ ಹೇರಿದಾಗ ಉದ್ದವಾಗುತ್ತದೆ. ದಿನವೂ ಹೊರೆ ಹೊರುವ ಗಾಡಿಯಾದರೆ ಹೊರೆಯೊಡನೆಯೇ ಅಳೆದು ಹೊಂದಿಸಿ.

ಇದಕ್ಕಾಗಿಯೇ ಕೆಲವು ಹಳೆಯ ಎಂಡ್ಯೂರೋ (ಕಾಡುದಾರಿಯ ದೂರದ ಓಟದ) ಬೈಕ್‌ಗಳಲ್ಲಿ ಸ್ಟ್ಯಾಂಡನ್ನು ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ಗೆ ಕೂರಿಸಿದ್ದಾರೆ. ಸ್ವಿಂಗ್ ಆರ್ಮ್ ಹಿಂದಿನ ತುದಿ ಚಕ್ರದ ಜೊತೆಗಿರುವುದರಿಂದ ಶಾಕ್ ಕುಸಿದರೂ ಸ್ಟ್ಯಾಂಡಿನ ಎತ್ತರ ಹೆಚ್ಚು ಬದಲಾಗದು. ಆದರೆ ಚಕ್ರದ ಕುಲುಕಾಟವೆಲ್ಲ ಸ್ಟ್ಯಾಂಡಿಗೂ ಬರುತ್ತದೆ, ಸ್ಪ್ರಿಂಗ್ ಬಲವಾಗಿರಲೇಬೇಕು.

ಉದ್ದ ಬದಲಿಸಲೇಬೇಕೆಂದಾದರೆ ಒಂದು ಲೆಕ್ಕ ನೆನಪಿಡಿ. ಟೈರ್ ನೆಲ ತಾಗುವ ಜಾಗದಿಂದ ಸ್ಟ್ಯಾಂಡಿನ ಪಾದ ಅಡ್ಡಲಾಗಿ 300 ಮಿಲಿಮೀಟರ್ ದೂರವಿದ್ದರೆ, ಕಾಲಿನ ಎತ್ತರದಲ್ಲಿ 10 ಮಿಲಿಮೀಟರ್ ವ್ಯತ್ಯಾಸಕ್ಕೆ ವಾಲಿಕೆ ಸುಮಾರು 2 ಡಿಗ್ರಿ ಬದಲಾಗುತ್ತದೆ. ಒಮ್ಮೆಗೇ ಒಂದು ಇಂಚು ಕತ್ತರಿಸಿದವರು ಆಮೇಲೆ ಅದೇ ತುಂಡನ್ನು ಮತ್ತೆ ಬೆಸೆಯಬೇಕಾಗುತ್ತದೆ. 5 ಮಿಲಿಮೀಟರ್ ತೆಗೆದು, ನಿಲ್ಲಿಸಿ, ಅಳೆದು, ಮುಂದುವರಿಯಿರಿ.

## ಮೊದಲ ದಿನದಿಂದಲೂ ಎಡಕ್ಕೆ ವಿಪರೀತ ವಾಲುತ್ತದೆ

ಹಿಂದೆ ಉದ್ದನೆಯ ಶಾಕ್ ಅಥವಾ ದೊಡ್ಡ ಚಕ್ರ ಹಾಕಿ ಎತ್ತರಿಸಿದ ಗಾಡಿಗೆ ಮೂಲ ಗಾಡಿಯ ಸ್ಟ್ಯಾಂಡನ್ನೇ ತಂದು ಹಾಕಿದರೆ ಹೀಗಾಗುತ್ತದೆ. ಹಿಂಭಾಗ 40 ಮಿಲಿಮೀಟರ್ ಎತ್ತರವಾದಾಗ, ಎರಡು ಚಕ್ರಗಳ ನಟ್ಟನಡುವೆ ಇರುವ ಪಿವೋಟ್ 20 ಮಿಲಿಮೀಟರ್ ಮೇಲೇರುತ್ತದೆ. ಮೇಲಿನ ಲೆಕ್ಕದಂತೆ 4 ಡಿಗ್ರಿ ಹೆಚ್ಚು ವಾಲಿಕೆ. ಕಾಲನ್ನು ಅಷ್ಟೇ ಉದ್ದ ಮಾಡಿಸಿದರೆ ಆಯಿತು. ಉದ್ದ ಸೇರಿಸುವಾಗ ಪೈಪಿನ ತುದಿಗೆ ತುದಿ ತಾಗಿಸಿ ಬೆಸೆಯುವುದು ಸಾಲದು, ಒಳಗೆ 60 ಮಿಲಿಮೀಟರ್ ಉದ್ದದ ಗಟ್ಟಿ ಸರಳು ತೂರಿಸಿ ಅದರ ಮೇಲೆ ಬೆಸೆಯಬೇಕು.

ಅತಿ ವಾಲಿಕೆಯ ಇನ್ನೊಂದು ಗುರುತು ಪೆಟ್ರೋಲ್ ವಾಸನೆ. ಕಾರ್ಬುರೇಟರ್ ವಾಲಿದಾಗ ಫ್ಲೋಟ್ ಸರಿಯಾಗಿ ಮುಚ್ಚದೆ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸುರಿಯುತ್ತದೆ. ಟು ಸ್ಟ್ರೋಕ್ ಗಾಡಿಯಲ್ಲಿ ಅದು ಇಂಜಿನ್ ಒಳಗೂ ಇಳಿದು, ಬೆಳಿಗ್ಗೆ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ, ಪ್ಲಗ್ ಬಿಚ್ಚಿದರೆ ಒದ್ದೆ. ನಿಲ್ಲಿಸಿದಾಗ ಪೆಟ್ರೋಲ್ ಕಾಕ್ ಮುಚ್ಚಿ. ಕಾಕ್ ಮುಚ್ಚಿಯೂ ಸೋರಿದರೆ ಅದು ಸ್ಟ್ಯಾಂಡಿನ ದೋಷವಲ್ಲ, ಕಾಕ್ ವಾಷರ್ ಮತ್ತು ಫ್ಲೋಟ್ ನೀಡಲ್ ನೋಡಬೇಕು. ನೆಲದಲ್ಲಿ ಪೆಟ್ರೋಲ್ ಕಂಡ ಮೇಲೆ ಅಲ್ಲಿ ಬೀಡಿ ಹಚ್ಚುವುದು, ಗ್ರೈಂಡರ್ ಹಿಡಿಯುವುದು ಎರಡೂ ಬೇಡ.

## ಓಡಿಸುವಾಗ ಸ್ಟ್ಯಾಂಡ್ ತಾನಾಗಿ ಕೆಳಗಿಳಿಯುತ್ತದೆ

ಈ ಲಕ್ಷಣ ಕಂಡ ಗಾಡಿಯನ್ನು ಓಡಿಸಬೇಡಿ. ಎಡ ತಿರುವಿನಲ್ಲಿ ಇಳಿದ ಸ್ಟ್ಯಾಂಡ್ ನೆಲಕ್ಕೆ ಊರಿ ಹಿಂದಿನ ಚಕ್ರವನ್ನೇ ಎತ್ತಿಬಿಡುತ್ತದೆ. ಮಾಂದಲಪಟ್ಟಿ ಕಡೆಯಂಥ ಒಂದು ಬದಿ ಕಣಿವೆಯಿರುವ ದಾರಿಯಲ್ಲಿ ಇದರ ಪರಿಣಾಮ ಏನೆಂದು ಹೇಳಬೇಕಾಗಿಲ್ಲ. ಹಳೆಯ ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಇಂಜಿನ್ ನಿಲ್ಲಿಸುವ ಸ್ವಿಚ್ಚೂ ಇಲ್ಲ. ಮನೆ ಮುಟ್ಟಲೇಬೇಕೆಂದರೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಸ್ಟ್ಯಾಂಡನ್ನು ಫೂಟ್‌ರೆಸ್ಟ್‌ಗೆ ಬಿಗಿಯಾಗಿ ಕಟ್ಟಿ, ನಿಧಾನಕ್ಕೆ ಬನ್ನಿ.

ಎಲ್ಲರೂ ಮೊದಲು ಸ್ಪ್ರಿಂಗ್ ಬದಲಿಸುತ್ತಾರೆ. ಬೇಡ. ಸ್ಪ್ರಿಂಗ್ ಕಳಚಿ, ಕಾಲನ್ನು ಕೈಯಲ್ಲಿ ಮೇಲೆತ್ತಿ ಬಿಡಿ. ತನ್ನ ಭಾರಕ್ಕೇ ಸಲೀಸಾಗಿ ಬೀಳಬೇಕು. ಅರ್ಧದಲ್ಲಿ ನಿಂತರೆ ಸ್ಪ್ರಿಂಗ್ ಸರಿಯಿದ್ದರೂ ಅದು ಕಾಲನ್ನು ಪೂರ್ತಿ ಎಳೆಯಲಾರದು. ದೋಷ ಪಿವೋಟ್‌ನಲ್ಲಿದೆ. ನಮ್ಮ ಕೆಂಪು ಮಣ್ಣು ಅಲ್ಲಿ ಸೇರಿ, ನವೆಂಬರ್ ಬಿಸಿಲಿಗೆ ಒಣಗಿದರೆ ಗಾರೆಯಂತೆ ಕಚ್ಚುತ್ತದೆ. ಬೋಲ್ಟ್ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ತುಕ್ಕನ್ನು ಎಮರಿ ಹಾಳೆಯಲ್ಲಿ ತಿಕ್ಕಿ, ನೀರಿಗೆ ತೊಳೆದುಹೋಗದ ಗ್ರೀಸ್ ತುಂಬಿ ಮತ್ತೆ ಹಾಕಿ. ಪ್ರೆಷರ್ ವಾಷರ್ ನೀರನ್ನು ನೇರವಾಗಿ ಪಿವೋಟ್‌ಗೆ ಹಿಡಿಯಬಾರದು, ಗ್ರೀಸನ್ನು ಹೊರದೂಡಿ ಮರಳನ್ನು ಒಳಸೇರಿಸುವುದೇ ಅದು.

ಪಿವೋಟ್ ಬೋಲ್ಟ್ ಅತಿಯಾಗಿ ಬಿಗಿದರೂ ಇದೇ ತೊಂದರೆ: ಬ್ರಾಕೆಟ್‌ನ ಎರಡು ಕಿವಿಗಳು ಕಾಲನ್ನು ಅದುಮಿ ಹಿಡಿಯುತ್ತವೆ. ಕಾಲು ಅಲುಗದೆ ಸಲೀಸಾಗಿ ತಿರುಗುವಷ್ಟು ಮಾತ್ರ ಬೋಲ್ಟ್ ಬಿಗಿದು, ಹಿಂದಿನಿಂದ ನೈಲಾಕ್ ನಟ್ಟಿನಿಂದ (ಒಳಗೆ ನೈಲಾನ್ ಉಂಗುರವಿರುವ ನಟ್ಟು) ಅದನ್ನು ಕದಲದಂತೆ ಮಾಡಬೇಕು.

ಕಾಲು ಸಲೀಸಾಗಿ ತಿರುಗುತ್ತದೆ, ಆದರೂ ಇಳಿಯುತ್ತದೆ ಎಂದರೆ ಈಗ ಸ್ಪ್ರಿಂಗ್. ಕಳಚಿದ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿಕೊಂಡಿರಬೇಕು. ನಡುವೆ ಬೆಳಕು ಕಂಡರೆ ಅದು ಎಳೆದು ಸೋತಿದೆ. ಕೊಕ್ಕೆಯ ಬಾಗಿದ ಜಾಗ ಸವೆದು ತೆಳ್ಳಗಾಗಿದ್ದರೂ ಬದಲಿಸಿ, ತುಂಡಾಗುವುದು ಅಲ್ಲೇ. ಸೈಲೆನ್ಸರ್ ಪೈಪಿಗೆ ಅಂಟಿದಂತೆ ಸ್ಪ್ರಿಂಗ್ ಇದ್ದರೆ ಕಾವಿಗೆ ಬೇಗ ಸೋಲುತ್ತದೆ, ಕನಿಷ್ಠ 20 ಮಿಲಿಮೀಟರ್ ಅಂತರವಿರಲಿ.

ಹೊಸ ಸ್ಪ್ರಿಂಗ್ ಹಾಕಿದರೂ ಸರಿಹೋಗದಿದ್ದರೆ ಕೊಕ್ಕೆಯ ಜಾಗವೇ ತಪ್ಪು, ಮನೆಯಲ್ಲಿ ಮಾಡಿದ ಸ್ಟ್ಯಾಂಡ್‌ಗಳಲ್ಲಿ ನಾವು ಹೆಚ್ಚು ಕಾಣುವ ತಪ್ಪು ಇದು. ಸ್ಪ್ರಿಂಗ್‌ನ ಎರಡು ತುದಿಗಳನ್ನು ಸೇರಿಸುವ ನೇರ ಗೆರೆ, ಸ್ಟ್ಯಾಂಡ್ ಇಳಿದಾಗ ಪಿವೋಟ್ ಬೋಲ್ಟ್‌ನ ಒಂದು ಬದಿಯಲ್ಲೂ ಏರಿದಾಗ ಇನ್ನೊಂದು ಬದಿಯಲ್ಲೂ ಇರಬೇಕು. ಆಗ ಮಾತ್ರ ಅದೇ ಸ್ಪ್ರಿಂಗ್ ಇಳಿದದ್ದನ್ನು ಇಳಿದಲ್ಲೇ, ಏರಿದ್ದನ್ನು ಏರಿದಲ್ಲೇ ಹಿಡಿಯುತ್ತದೆ. ಎರಡೂ ಸ್ಥಿತಿಯಲ್ಲಿ ಒಂದು ದಾರವನ್ನು ಕೊಕ್ಕೆಯಿಂದ ಕೊಕ್ಕೆಗೆ ಎಳೆದು ಹಿಡಿದು ನೋಡಿ: ದಾರ ಬೋಲ್ಟ್‌ನ ನಡುಬಿಂದುವಿನಿಂದ 5ರಿಂದ 10 ಮಿಲಿಮೀಟರ್ ಆಚೆ ಹಾದುಹೋಗಬೇಕು. ಬೋಲ್ಟ್ ಮೇಲೇ ಹಾದುಹೋದರೆ ಸ್ಪ್ರಿಂಗ್ ಎಷ್ಟು ಬಿಗಿಯಿದ್ದರೂ ಒಂದು ಕುಲುಕಿಗೆ ಕಾಲು ಕೆಳಗಿಳಿಯುತ್ತದೆ. ಚಾಸಿ ಕಡೆಯ ಕೊಕ್ಕೆಯನ್ನು ಸರಿಸುವುದೇ ಪರಿಹಾರ. ಸ್ಟ್ಯಾಂಡ್ ಮೇಲಿರುವಾಗಲೂ ಸ್ಪ್ರಿಂಗ್ ತನ್ನ ಸಹಜ ಉದ್ದಕ್ಕಿಂತ 10ರಿಂದ 15 ಮಿಲಿಮೀಟರ್ ಎಳೆದುಕೊಂಡೇ ಇರಬೇಕು.

ಒಂದರೊಳಗೊಂದು ಕೂರುವ ಎರಡು ಸ್ಪ್ರಿಂಗ್ ಹಾಕಿ. ಒಂದು ತುಂಡಾದರೆ ಇನ್ನೊಂದು ಹಿಡಿದಿರುತ್ತದೆ. ಬಿಗಿ ಸ್ಪ್ರಿಂಗ್ ಹಾಕಲು ಬಲ ಬೇಡ: ಅದನ್ನು ಬಾಗಿಸಿ ತೆರೆದ ಸುರುಳಿಗಳ ನಡುವೆ ಒಂದೊಂದೇ ವಾಷರ್ ತೂರಿಸುತ್ತಾ ಹೋದರೆ ಸ್ಪ್ರಿಂಗ್ ಉದ್ದವಾಗಿ ನಿಲ್ಲುತ್ತದೆ. ಕೊಕ್ಕೆ ಸಿಕ್ಕಿಸಿ, ಕಾಲನ್ನು ಆಚೀಚೆ ಆಡಿಸಿ ವಾಷರ್‌ಗಳನ್ನು ಹೆಕ್ಕಿ ತೆಗೆಯಿರಿ.

ಎಲ್ಲ ಸರಿಹೋದ ಮೇಲೂ ಒರಟು ದಾರಿಯಲ್ಲಿ ಸೈಕಲ್ ಟ್ಯೂಬಿನ ಪಟ್ಟಿ ಇರಲಿ.

## ಇಳಿಜಾರಿನಲ್ಲಿ ನಿಲ್ಲಿಸಿದರೆ ಮುಂದಕ್ಕೆ ಉರುಳಿ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ

ಕಾಲು ಇಳಿದಾಗ ಪಾದ ಪಿವೋಟ್‌ಗಿಂತ ಮುಂದಿರಬೇಕು. 300 ಮಿಲಿಮೀಟರ್ ಕಾಲು 15 ಡಿಗ್ರಿ ಮುಂದಿದ್ದರೆ, ಅದು ನೆಟ್ಟಗಾಗಲು ಗಾಡಿ 78 ಮಿಲಿಮೀಟರ್ ಉರುಳಬೇಕು, ಅಷ್ಟರಲ್ಲಿ ಗಾಡಿ ತನ್ನನ್ನೇ ಎತ್ತಿಕೊಳ್ಳಬೇಕಾದ್ದರಿಂದ ಉರುಳುವುದು ಕಷ್ಟ. 5 ಡಿಗ್ರಿ ಮಾತ್ರ ಇದ್ದರೆ 26 ಮಿಲಿಮೀಟರ್‌ಗೇ ಮಡಚುತ್ತದೆ. ತಡೆಯನ್ನು ಅರದಿಂದ ಉಜ್ಜಿ 10ರಿಂದ 15 ಡಿಗ್ರಿಗೆ ತನ್ನಿ, ಆಮೇಲೆ ವಾಲಿಕೆ ಮತ್ತೆ ಅಳೆಯಿರಿ.

ಕೋನ ಸರಿಯಿದ್ದರೆ ನಿಲ್ಲಿಸುವ ಕ್ರಮ ಬದಲಿಸಿ. ಗಾಡಿಯ ಮುಖ ಏರಿನ ಕಡೆಗಿರಲಿ. ಒಂದನೇ ಗೇರಿಗೆ ಹಾಕಿ, ಚೈನಿನ ಸಡಿಲ ಮುಗಿದು ಗಾಡಿ ತಡೆದು ನಿಲ್ಲುವವರೆಗೆ ಇಳಿಜಾರಿನ ಕಡೆಗೆ ಬಿಟ್ಟು, ಆಮೇಲೆ ಭಾರವನ್ನು ಸ್ಟ್ಯಾಂಡಿಗೆ ಕೊಡಿ. ಗೇರಿಗೆ ಹಾಕಿ ಸುಮ್ಮನೆ ಬಿಟ್ಟರೆ ಆ ಸಡಿಲದಷ್ಟು ಉರುಳಿಯೇ ಉರುಳುತ್ತದೆ. ಸವೆದ ಹಳೆಯ ಇಂಜಿನ್‌ನ ಕಂಪ್ರೆಷನ್ ನಂಬಬೇಡಿ, ಚಕ್ರಕ್ಕೊಂದು ಕಲ್ಲು ಕೊಡಿ. ರಸ್ತೆಯ ಅಡ್ಡ ಇಳಿಜಾರಿನಲ್ಲಿ ಎಡಬದಿ ತಗ್ಗಾಗಿದ್ದರೆ ಅಲ್ಲಿ ನಿಲ್ಲಿಸಲೇಬೇಡಿ.

## ಲೊಡಲೊಡ ಶಬ್ದ, ಪಾದ ಆಚೀಚೆ ಅಲುಗುತ್ತದೆ

ಪಾದ ಹಿಡಿದು ಅಡ್ಡಲಾಗಿ ಅಲುಗಿಸಿ. 5 ಮಿಲಿಮೀಟರ್‌ವರೆಗೆ ಪರವಾಗಿಲ್ಲ, 10 ಮೀರಿದರೆ ಬೋಲ್ಟೂ ಬುಷ್ಷೂ ಬದಲಿಸುವ ಹೊತ್ತು. ಪಿವೋಟ್‌ನಲ್ಲಿ ಅರ್ಧ ಮಿಲಿಮೀಟರ್ ಸವೆದದ್ದು 20 ಮಿಲಿಮೀಟರ್ ಅಗಲದ ಕಿವಿಯ ಮೂಲಕ 300 ಮಿಲಿಮೀಟರ್ ಕೆಳಗಿನ ಪಾದದಲ್ಲಿ ಏಳೂವರೆ ಮಿಲಿಮೀಟರ್ ಆಗಿ ಕಾಣುತ್ತದೆ.

ಬೋಲ್ಟ್ ಬಿಚ್ಚಿದಾಗ ಅದರ ಉದ್ದಕ್ಕೂ ಥ್ರೆಡ್ ಇದೆಯೇ ನೋಡಿ. ಪೂರ್ತಿ ಥ್ರೆಡ್ ಇರುವ ಬೋಲ್ಟ್ ಅರದಂತೆ ತೂತನ್ನು ತಿನ್ನುತ್ತದೆ. ಕಾಲು ತಿರುಗುವ ಜಾಗದಲ್ಲಿ ನುಣುಪಾಗಿರುವ, 8.8 ಗ್ರೇಡಿನ 10 ಮಿಲಿಮೀಟರ್ ಬೋಲ್ಟ್ ಬೇಕು. ತೂತು ಮೊಟ್ಟೆಯಾಕಾರವಾಗಿದ್ದರೆ ಲೇತ್ ಅಂಗಡಿಯಲ್ಲಿ ಕೊರೆಸಿ ಗನ್‌ಮೆಟಲ್ ಬುಷ್ ಕೂರಿಸಿ.

ಈ ಸವೆತಕ್ಕೆ ಒಂದು ಅಭ್ಯಾಸವೂ ಕಾರಣ. ಜಾವಾ, ಯೆಜ್ಡಿಗಳಲ್ಲಿ ಗೇರ್ ಮತ್ತು ಕಿಕ್ ಒಂದೇ ಲಿವರ್, ಅದೂ ಎಡಗಡೆ. ಸ್ಟ್ಯಾಂಡ್ ಹಾಕಿಯೇ ಕಿಕ್ ಹೊಡೆದರೆ ಹೊಡೆಯುವವರ ಭಾರ ಪ್ರತಿ ಸಲವೂ ಪಿವೋಟ್ ಬೋಲ್ಟ್ ಮೇಲೆ ಬೀಳುತ್ತದೆ. 35 ಕಿಲೋಗೆಂದು ಇರುವ ಜಾಗಕ್ಕೆ 70 ಕಿಲೋ ಆಳು ತುಳಿದಂತೆ. ಸ್ಟ್ಯಾಂಡ್ ಎತ್ತಿ, ಗಾಡಿಯನ್ನು ನೆಟ್ಟಗೆ ಹಿಡಿದೇ ಕಿಕ್ ಹೊಡೆಯಿರಿ.

## ಎಡ ತಿರುವಿನಲ್ಲಿ ಉಜ್ಜುತ್ತದೆ, ಚೈನಿಗೆ ತಾಗುತ್ತದೆ

ಪಾದದಲ್ಲಿ ಹೊಸ ಗೀರುಗಳಿದ್ದರೆ ಮಡಚಿದಾಗ ಅದು ಫೂಟ್‌ರೆಸ್ಟ್‌ಗಿಂತ ಕೆಳಗಿದೆ. ಮೇಲಿನ ತಡೆಯನ್ನು ಸರಿಸಿ. ಚೈನ್ ಎಡಗಡೆಯಿರುವ ಗಾಡಿಗಳಲ್ಲಿ ಸ್ಟ್ಯಾಂಡಿಗೂ ಚೈನಿಗೂ 15 ಮಿಲಿಮೀಟರ್ ಅಂತರ ಬೇಕು. ಇದನ್ನು ಗಾಡಿ ಸುಮ್ಮನೆ ನಿಂತಾಗ ಅಳೆದರೆ ಪ್ರಯೋಜನವಿಲ್ಲ. ಹಿಂಭಾಗವನ್ನು ಲಗೇಜ್ ಪಟ್ಟಿಯಿಂದ ಪೂರ್ತಿ ಕೆಳಗೆ ಎಳೆದು ಕಟ್ಟಿ, ಚೈನನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ನೋಡಿ.

## ಬೆಸುಗೆಯ ಬದಿಯಲ್ಲಿ ಕೂದಲೆಳೆಯಂಥ ಕೆಂಪು ಗೆರೆ

ಬಣ್ಣದ ಮೇಲೆ ತುಕ್ಕಿನ ತೆಳು ಗೆರೆ ಕಂಡರೆ ಅದು ಬರೀ ತುಕ್ಕಲ್ಲ, ಬಿರುಕಿನ ಒಳಗಿಂದ ಇಳಿದು ಬಂದದ್ದು ಎಂದೇ ಹಿಡಿಯಿರಿ. ಖಚಿತ ಮಾಡಿಕೊಳ್ಳಲು ಬಣ್ಣ ಕೆರೆದು, ಡೀಸೆಲ್ ಹಚ್ಚಿ ಹತ್ತು ನಿಮಿಷ ಬಿಡಿ. ಬಟ್ಟೆಯಲ್ಲಿ ಪೂರ್ತಿ ಒರೆಸಿ ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಒಳಗೆ ಸೇರಿದ ಡೀಸೆಲ್ ಪುಡಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ.

ಬಿರುಕು ಸ್ಟ್ಯಾಂಡಿನ ಕಾಲಿನಲ್ಲೋ ಬ್ರಾಕೆಟ್‌ನಲ್ಲೋ ಇದ್ದರೆ ಹೊಸದು ಮಾಡಿಸಬಹುದು. ಚಾಸಿ ಪೈಪಿಗೆ ಇಳಿದಿದ್ದರೆ, ಚಾಸಿ ಪೈಪು ನಜ್ಜಾಗಿದ್ದರೆ, ಅಥವಾ ಸ್ಟ್ಯಾಂಡ್ ಕೂತಿರುವ ಇಂಜಿನ್‌ನ ಅಲ್ಯೂಮಿನಿಯಂ ಭಾಗ ಸೀಳಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಗೇಟು, ಗ್ರಿಲ್ ಮಾಡುವವರ ಕೆಲಸವಲ್ಲ. ಚಾಸಿ ಕೆಲಸವನ್ನೇ ಮಾಡುವ, ಟಿಗ್ ವೆಲ್ಡಿಂಗ್ ಬಲ್ಲವರು ಹತ್ತಿರದಲ್ಲಿ ಸಿಗದಿದ್ದರೆ ಮೈಸೂರಿಗೆ ಒಯ್ಯಿರಿ, ಓಡಿಸಿಕೊಂಡಲ್ಲ, ಪಿಕಪ್‌ನಲ್ಲಿ.

ಬ್ರಾಕೆಟ್ ಬೆಸುಗೆ ಊರಲ್ಲೇ ಮಾಡಿಸುವುದಾದರೆ ಎದುರಿಗೆ ನಿಂತು ಇಷ್ಟನ್ನು ನೋಡಿಕೊಳ್ಳಿ. ಪೆಟ್ರೋಲ್ ಟ್ಯಾಂಕ್ ಮತ್ತು ಕಾರ್ಬುರೇಟರ್ ಕಳಚಿ ದೂರ ಇಡಬೇಕು, ಕಾಕ್ ಮುಚ್ಚಿದರೆ ಸಾಲದು. ಬ್ಯಾಟರಿಯ ಎರಡೂ ವೈರ್, ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ) ಇದ್ದರೆ ಅದರ ಕನೆಕ್ಟರ್ ಬಿಡಿಸಬೇಕು. ವೆಲ್ಡಿಂಗ್ ಅರ್ತ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಬೇಕು. ಹ್ಯಾಂಡಲ್‌ಗೋ ಚಕ್ರಕ್ಕೋ ಕಚ್ಚಿಸಿದರೆ ಕರೆಂಟ್ ಬೇರಿಂಗ್‌ಗಳ ಮೂಲಕ ಹಾದು ಅವುಗಳ ಗೋಲಿಗಳನ್ನು ಸುಡುತ್ತದೆ. ಸತುವಿನ ಲೇಪವಿರುವ ಪೈಪಾದರೆ ಲೇಪ ಉಜ್ಜಿ ತೆಗೆಯಿರಿ, ಅದರ ಹೊಗೆ ಸೇವಿಸಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಪೈಪಿನ ಸುತ್ತ ಉಂಗುರದಂತೆ ಬೆಸೆಯಲು ಬಿಡಬೇಡಿ, ಪೈಪು ಮುರಿಯುವುದು ಆ ಉಂಗುರದ ಅಂಚಿನಲ್ಲೇ. ಬ್ರಾಕೆಟ್ ತಗಡನ್ನು ಪೈಪಿನ ಉದ್ದಕ್ಕೆ ಚಾಚಿಸಿ, ಉದ್ದುದ್ದ ಬೆಸೆಯಲಿ.

ಮಳೆಗಾಲದಲ್ಲಿ ಇನ್ನೊಂದು ಮಾತು. ತೆರೆದಿಟ್ಟ ವೆಲ್ಡಿಂಗ್ ರಾಡು ಇಲ್ಲಿನ ಗಾಳಿಯ ತೇವವನ್ನೆಲ್ಲ ಹೀರಿಕೊಂಡಿರುತ್ತದೆ. ಆ ರಾಡಿನ ಬೆಸುಗೆ ಮೇಲೆ ನೋಡಲು ಚೆಂದ, ಒಳಗೆ ಗುಳ್ಳೆ. ಸೀಲ್ ಒಡೆಯದ ಹೊಸ ಪೊಟ್ಟಣವನ್ನು ನೀವೇ ಕೊಂಡುಹೋಗಿ ಕೊಡಿ. ಬೆಸುಗೆ ಮುಗಿದ ಮೇಲೆ ನೀರು ಹಾಕಿ ತಣಿಸಲು ಬಿಡಬೇಡಿ. ತಾನಾಗಿ ಆರಲಿ. ಆರಿದ ಮೇಲೆ ಡೀಸೆಲ್, ಸೀಮೆಸುಣ್ಣದ ಪರೀಕ್ಷೆಯನ್ನು ಬಣ್ಣ ಹೊಡೆಯುವ ಮುನ್ನವೇ ಇನ್ನೊಮ್ಮೆ ಮಾಡಿ.